ಫ್ರಾನ್ಸ್ ವೈನಿಗೆ ಊರ ಹೆಸರು, ಆಸ್ಟ್ರೇಲಿಯಾ ವೈನಿಗೆ ಹಣ್ಣಿನ ಹೆಸರು: ರುಚಿ ಬೇರೆಯಾಗೋದು ಎಲ್ಲಿ? ನಂದಿ ತಪ್ಪಲಿನ ಬೆಳೆಗಾರರಿಗೆ ಇದರಲ್ಲೇನಿದೆ?

ಚಿಕ್ಕಬಳ್ಳಾಪುರ: ಬೆಂಗಳೂರಿನ ದೊಡ್ಡ ವೈನ್ ಅಂಗಡಿಗಳಲ್ಲಿ ವಿದೇಶಿ ಬಾಟಲಿಗಳ ಸಾಲು ನೋಡಿದರೆ ಒಂದು ವಿಚಿತ್ರ ಕಾಣುತ್ತೆ. ಆಸ್ಟ್ರೇಲಿಯಾ ಬಾಟಲಿ ಮೇಲೆ ದಪ್ಪಕ್ಷರದಲ್ಲಿ ‘ಶಿರಾಜ್’ ಅಂತ ಇರುತ್ತೆ. ಪಕ್ಕದ ಫ್ರಾನ್ಸ್ ಬಾಟಲಿ ಮೇಲೆ ‘ಕ್ರೋಜ್-ಎರ್ಮಿತಾಜ್’ ಅಂತ ಇರುತ್ತೆ. ಅದು ಯಾವ ಹಣ್ಣಿನ ವೈನ್ ಅಂತ ಹುಡುಕಿದರೂ ಸಾಮಾನ್ಯವಾಗಿ ಸಿಗಲ್ಲ. ವಿಷಯ ಏನಪ್ಪಾ ಅಂದ್ರೆ, ಎರಡೂ ಒಂದೇ ತಳಿಯ ದ್ರಾಕ್ಷಿಯಿಂದ ಆದವು. ಫ್ರಾನ್ಸಿನವರು ಅದನ್ನ ಸಿರಾ ಅಂತಾರೆ, ಆಸ್ಟ್ರೇಲಿಯಾದವರು ಶಿರಾಜ್ ಅಂತಾರೆ.

ಹಣ್ಣು ಒಂದೇ ಆದ ಮೇಲೆ ರುಚಿಯೂ ಒಂದೇ ಇರಬೇಕಲ್ವಾ? ಇರಲ್ಲ. ಮೊದಲನೆಯದು ಗಟ್ಟಿ, ಹಣ್ಣು ಹಣ್ಣಾಗಿ, ಬಾಯಿ ತುಂಬೋ ಹಾಗಿರುತ್ತೆ. ಎರಡನೆಯದು ಸ್ವಲ್ಪ ತೆಳು, ಹುಳಿ ಜಾಸ್ತಿ, ಕಾಳುಮೆಣಸಿನ ಘಮ. ಹೀಗ್ಯಾಕೆ ಅನ್ನೋದು ಕುಡಿಯೋರಿಗೆ ಮಾತ್ರ ಬೇಕಾದ ವಿಷಯ ಅಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ, ಅಂದ್ರೆ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಮುತ್ತ ದ್ರಾಕ್ಷಿ ಚಪ್ಪರ ಹಾಕಿದ ರೈತರಿಗೂ, ಬಾಟಲಿ ಮಾರೋ ಅಂಗಡಿಯವರಿಗೂ ಇದು ದುಡ್ಡಿನ ವಿಷಯ. ಯಾಕಂದ್ರೆ ಪ್ರಪಂಚದಲ್ಲಿ ವೈನಿಗೆ ಬೆಲೆ ಬರೋದು ಒಂದೋ ಊರಿನ ಹೆಸರಿಂದ, ಇಲ್ಲಾ ಮಾಡಿದ ಕಂಪನಿ ಹೆಸರಿಂದ.

ಹಳೇ ಸೀಮೆ, ಹೊಸ ಸೀಮೆ ಅಂದ್ರೆ ಏನು?

ವೈನ್ ವ್ಯಾಪಾರದಲ್ಲಿ ಎರಡು ಮಾತು ಪದೇ ಪದೇ ಬರುತ್ತವೆ: ‘ಓಲ್ಡ್ ವರ್ಲ್ಡ್’ ಮತ್ತು ‘ನ್ಯೂ ವರ್ಲ್ಡ್’. ಫ್ರಾನ್ಸ್, ಇಟಲಿ, ಸ್ಪೇನ್, ಪೋರ್ಚುಗಲ್, ಜರ್ಮನಿ ಇವೆಲ್ಲ ಹಳೇ ಸೀಮೆ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ ಹೊಸ ಸೀಮೆ. ಈ ಲೆಕ್ಕದಲ್ಲಿ ನಮ್ಮ ನಾಸಿಕ್, ನಂದಿ ತಪ್ಪಲು, ವಿಜಯಪುರ ಕಡೆಯ ಕೃಷ್ಣಾ ಕಣಿವೆ ಎಲ್ಲವೂ ಹೊಸ ಸೀಮೆಯೇ.

ಹೊಸದು ಅಂದ್ರೆ ತೀರಾ ನಿನ್ನೆ ಮೊನ್ನೆಯದು ಅಂತಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಮೊದಲ ವೈನ್ ಆಗಿದ್ದು 1659ರಲ್ಲಿ. ಅಲ್ಲಿನ ಕಾನ್‌ಸ್ಟಾಂಷಿಯಾ ತೋಟ 1685ರದ್ದು. ಚಿಲಿ, ಅರ್ಜೆಂಟೀನಾಗಳಿಗೆ ಸ್ಪೇನಿನವರು 16ನೇ ಶತಮಾನದಲ್ಲೇ ಬಳ್ಳಿ ಒಯ್ದಿದ್ದರು. ಹಾಗಾಗಿ ವಯಸ್ಸಿಗಿಂತ ದೊಡ್ಡ ವ್ಯತ್ಯಾಸ ಇರೋದು ಎರಡು ಕಡೆ. ಒಂದು, ಬಾಟಲಿಯೊಳಗೆ ಏನಿರಬೇಕು ಅಂತ ತೀರ್ಮಾನ ಮಾಡೋದು ಯಾರು. ಎರಡು, ಹಣ್ಣು ಎಂಥಾ ಬಿಸಿಲಲ್ಲಿ ಮಾಗುತ್ತೆ.

ಬ್ಯಾಡಗಿ ಮೆಣಸಿನಕಾಯಿ ಲೆಕ್ಕ

ಮೊದಲು ಹೆಸರಿನ ವಿಷಯ. ನಾವು ಅಂಗಡಿಗೆ ಹೋಗಿ ‘ಬ್ಯಾಡಗಿ ಕೊಡಿ’ ಅಂದ್ರೆ ಸಾಕು. ಬಣ್ಣ ಕೆಂಪು, ಖಾರ ಕಮ್ಮಿ, ಸಾರಿಗೆ ಚೆನ್ನ ಅಂತ ಎಲ್ಲಾ ಆ ಒಂದು ಊರ ಹೆಸರಲ್ಲೇ ಬಂತು. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಇಳಕಲ್ ಸೀರೆ ಎಲ್ಲವೂ ಹಾಗೇ. ಹಳೇ ಸೀಮೆಯ ವೈನ್ ಲೇಬಲ್ ನಡೆಯೋದು ಇದೇ ಲೆಕ್ಕದಲ್ಲಿ. ಕೆಂಪು ‘ಬರ್ಗಂಡಿ’ ಅಂದ್ರೆ ಪಿನೋ ನ್ವಾ ಹಣ್ಣು ಅಂತ ಗೊತ್ತಿರಬೇಕು. ‘ಸಾನ್ಸೇರ್’ ಬಿಳಿ ಅಂದ್ರೆ ಸೊವಿನ್ಯೋನ್ ಬ್ಲಾಂ. ‘ಕಿಯಾಂತಿ’ ಅಂದ್ರೆ ಇಟಲಿಯ ಸಾಂಜೊವೇಸೆ. ಲೇಬಲ್ ಮೇಲೆ ಬರೆದಿಲ್ಲ ಅಂದ್ರೂ ಅಲ್ಲಿಯವರಿಗೆ ಗೊತ್ತು.

ಹೊಸ ಸೀಮೆ ಬಾಟಲಿಯದ್ದು ಬಿತ್ತನೆ ಬೀಜದ ಪ್ಯಾಕೆಟ್ ಇದ್ದ ಹಾಗೆ. ಕಂಪನಿ ಹೆಸರು, ತಳಿ ಹೆಸರು. ಕ್ಯಾಬರ್ನೆ ಸೊವಿನ್ಯೋನ್, ಶಾರ್ಡನೇ, ಮೆರ್ಲೋ ಅಂತ ದೊಡ್ಡದಾಗಿ ಬರೆದಿರುತ್ತೆ. ಗಿರಾಕಿಗೆ ಯುರೋಪಿನ ಭೂಪಟ ಗೊತ್ತಿರಬೇಕಿಲ್ಲ.

ತಳಿ ಹೆಸರು ಬರೆಯೋಕೂ ಲೆಕ್ಕ ಇದೆ. ಅಮೆರಿಕದಲ್ಲಿ ಒಂದು ತಳಿ ಹೆಸರು ಹಾಕಬೇಕಾದ್ರೆ ಸಾಮಾನ್ಯವಾಗಿ ಕನಿಷ್ಠ ಶೇ. 75ರಷ್ಟು ಅದೇ ಹಣ್ಣಿನದ್ದಿರಬೇಕು. ಆಸ್ಟ್ರೇಲಿಯಾದಲ್ಲಿ, ಯುರೋಪಿಯನ್ ಒಕ್ಕೂಟದಲ್ಲಿ ಶೇ. 85. ಅಂದ್ರೆ ‘ಕ್ಯಾಬರ್ನೆ’ ಅಂತ ಬರೆದ ಅಮೆರಿಕದ ಬಾಟಲಿಯಲ್ಲಿ ಕಾಲು ಭಾಗ ಬೇರೆ ಹಣ್ಣಿನ ವೈನ್ ಇದ್ದರೂ ಅದು ಕಾನೂನು ಪ್ರಕಾರವೇ.

ಹಳೇ ಸೀಮೆಯಲ್ಲಿ ಎಲ್ಲದಕ್ಕೂ ರೂಲ್ಸ್

ಊರ ಹೆಸರಿಗೆ ಬೆಲೆ ಬಂದ ಕೂಡಲೇ ಕಲಬೆರಕೆಯೂ ಬರುತ್ತೆ. ಬ್ಯಾಡಗಿ ಹೆಸರಲ್ಲಿ ಬೇರೆ ಮೆಣಸಿನಕಾಯಿ ಮಾರಿದ ಹಾಗೆ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಫ್ರಾನ್ಸಿಗೆ ಇದರ ಬಿಸಿ ಜೋರಾಗಿ ತಟ್ಟಿತು. ಅಮೆರಿಕದಿಂದ ಹೋದ ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಕೀಟ ಅಲ್ಲಿನ ತೋಟಗಳನ್ನ ಸರ್ವನಾಶ ಮಾಡಿತು. ಹಣ್ಣಿಗೆ ಬರ ಬಂದಾಗ ಯಾವುದೋ ರಸಕ್ಕೆ ಯಾವುದೋ ಊರಿನ ಹೆಸರು ಹಚ್ಚಿ ಮಾರೋದು ಹೆಚ್ಚಾಯಿತು. ಕೊನೆಗೆ ಅಮೆರಿಕದ ಬೇರಿನ ಮೇಲೆ ಯುರೋಪಿನ ಬಳ್ಳಿ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ನಮ್ಮ ಕಡೆ ರೈತರು ಡಾಗ್ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ ಬೇರೇ. ಇಲ್ಲಿ ಬರ ಮತ್ತು ಉಪ್ಪು ನೀರು ತಡೆಯೋಕೆ ಅದನ್ನ ಬಳಸ್ತಾರೆ.

ತೋಟ ಉಳೀತು, ಹೆಸರು ಉಳಿಸಿಕೊಳ್ಳೋದು ಹೇಗೆ? ದಕ್ಷಿಣ ಫ್ರಾನ್ಸಿನ ಶಾತೋನಫ್-ದು-ಪಾಪ್ ಅನ್ನೋ ಊರಿನ ಬೆಳೆಗಾರರು 1923ರ ಹೊತ್ತಿಗೆ ತಮ್ಮದೇ ನಿಯಮ ಬರೆದುಕೊಂಡರು. ಅದೇ ಮಾದರಿ ಬೆಳೆದು 1935ರಲ್ಲಿ ಇಡೀ ಫ್ರಾನ್ಸಿಗೆ ‘ಎಒಸಿ’ ಅನ್ನೋ ವ್ಯವಸ್ಥೆ ಬಂತು. ಇಟಲಿ 1963ರಲ್ಲಿ ‘ಡಿಒಸಿ’ ಕಾನೂನು ಮಾಡಿತು. ಪೋರ್ಚುಗಲ್‌ನವರು ಇನ್ನೂ ಮುಂಚೆ, 1756ರಲ್ಲೇ, ಪೋರ್ಟ್ ವೈನ್ ಬರೋ ದೌರು ಕಣಿವೆಗೆ ಗಡಿ ಗುರುತು ಮಾಡಿದ್ದರು.

ಈ ನಿಯಮಗಳಲ್ಲಿ ಏನಿರುತ್ತೆ ಅಂತ ನೋಡಿದರೆ ನಮ್ಮ ರೈತರು ಬೆರಗಾಗಬಹುದು. ಯಾವ ಸರ್ವೆ ನಂಬರಿನ ಜಮೀನು ಗಡಿಯೊಳಗೆ, ಯಾವುದು ಹೊರಗೆ ಅನ್ನೋದರಿಂದ ಹಿಡಿದು ಯಾವ ತಳಿ ಹಾಕಬಹುದು, ಹೇಗೆ ಪ್ರೂನಿಂಗ್ ಮಾಡಬೇಕು ಅನ್ನೋವರೆಗೆ ಎಲ್ಲಾ ಬರೆದಿರುತ್ತೆ. ಇಳುವರಿಗೂ ಮಿತಿ. ಶಾತೋನಫ್‌ನಲ್ಲಿ ಒಂದು ಹೆಕ್ಟೇರಿಗೆ 35 ಹೆಕ್ಟೊಲೀಟರ್, ಅಂದ್ರೆ ಹೆಚ್ಚುಕಮ್ಮಿ ಎರಡೂವರೆ ಎಕರೆಗೆ 3,500 ಲೀಟರ್ ವೈನ್. ಎಕರೆಗೆ 1,400 ಲೀಟರ್ ಲೆಕ್ಕ. ಅದಕ್ಕಿಂತ ಜಾಸ್ತಿ ಬೆಳೆದರೆ ಊರ ಹೆಸರು ಹಾಕೋ ಹಾಗಿಲ್ಲ. ಬಳ್ಳಿಗೆ ನೀರು ಹಾಯಿಸೋದಕ್ಕೂ ಫ್ರಾನ್ಸಿನ ಇಂಥ ಪ್ರದೇಶಗಳಲ್ಲಿ ಬಹಳ ಕಾಲ ಕಟ್ಟುನಿಟ್ಟಿನ ನಿರ್ಬಂಧ ಇತ್ತು. 2006ರ ನಂತರವೇ ಸ್ವಲ್ಪ ಸಡಿಲ ಆಗಿದ್ದು.

ಈ ಊರಿನವರು ಹೆಸರಿನ ವಿಷಯದಲ್ಲಿ ಎಷ್ಟು ಹುಷಾರು ಅನ್ನೋಕೆ ಒಂದು ತಮಾಷೆಯ ದಾಖಲೆಯೂ ಇದೆ. 1954ರಲ್ಲಿ ಅಲ್ಲಿನ ಪುರಸಭೆ ‘ನಮ್ಮ ದ್ರಾಕ್ಷಿ ತೋಟಗಳಲ್ಲಿ ಹಾರುವ ತಟ್ಟೆಗಳು ಇಳಿಯೋ ಹಾಗಿಲ್ಲ’ ಅಂತ ಆದೇಶ ಹೊರಡಿಸಿತ್ತು. ಪ್ರಚಾರ ಚೆನ್ನಾಗೇ ಸಿಕ್ಕಿತು.

ಹೊಸ ಸೀಮೆಯಲ್ಲಿ ಇಷ್ಟೊಂದು ಕಟ್ಟುಪಾಡು ಇಲ್ಲ. ಅಮೆರಿಕದ ನಾಪಾ ಕಣಿವೆಗೆ 1981ರಲ್ಲಿ ಅಧಿಕೃತ ಗಡಿ ಬಂತು. ಆದರೆ ಅದು ಹಣ್ಣು ಎಲ್ಲಿಂದ ಬಂತು ಅಂತ ಮಾತ್ರ ಹೇಳುತ್ತೆ. ಯಾವ ತಳಿ ಹಾಕಬೇಕು, ಎಷ್ಟು ಇಳುವರಿ ತೆಗೀಬೇಕು, ನೀರು ಬಿಡಬೇಕೋ ಬೇಡವೋ ಅನ್ನೋದು ತೋಟದವರ ಇಷ್ಟ. ಅರ್ಜೆಂಟೀನಾದ ಮೆಂಡೋಜಾದಲ್ಲಂತೂ ಮಳೆಯೇ ಅಪರೂಪ. ಆಂಡಿಸ್ ಪರ್ವತದ ಹಿಮ ಕರಗಿ ಬರೋ ನೀರನ್ನ ಕಾಲುವೆಯಲ್ಲಿ ಹಾಯಿಸದಿದ್ದರೆ ಬೆಳೆಯೇ ಇಲ್ಲ.

ರುಚಿ ಹುಟ್ಟೋದು ಬ್ರಿಕ್ಸ್ ಲೆಕ್ಕದಲ್ಲಿ

ಈಗ ಹವಾಮಾನಕ್ಕೆ ಬರೋಣ. ದ್ರಾಕ್ಷಿ ಬೆಳೆಗಾರರಿಗೆ ಬ್ರಿಕ್ಸ್ ಮೀಟರ್ ಗೊತ್ತೇ ಇದೆ. ಹಣ್ಣಲ್ಲಿ ಸಕ್ಕರೆ ಎಷ್ಟಿದೆ ಅಂತ ಅದು ಹೇಳುತ್ತೆ. ವೈನ್ ಆಗೋದು ಅಂದ್ರೆ ಯೀಸ್ಟ್ ಆ ಸಕ್ಕರೆಯನ್ನ ತಿಂದು ಆಲ್ಕೋಹಾಲ್ ಮಾಡೋದು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತೆ. ಅಂದ್ರೆ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದರೆ ವೈನ್ ಶೇ. 12ರ ಹತ್ತಿರ, 240 ಗ್ರಾಂ ಇದ್ದರೆ ಶೇ. 14ರ ಹತ್ತಿರ.

ಹಣ್ಣು ಮಾಗುತ್ತಾ ಹೋದ ಹಾಗೆ ಸಕ್ಕರೆ ಏರುತ್ತೆ, ಹುಳಿ ಇಳಿಯುತ್ತೆ. ಮಾವಿನಕಾಯಿ ಹಣ್ಣಾಗೋದನ್ನ ನೆನೆಸಿಕೊಂಡರೆ ಸಾಕು. ತಂಪು ಸೀಮೆಯಲ್ಲಿ ದ್ರಾಕ್ಷಿ ನಿಧಾನಕ್ಕೆ ಮಾಗುತ್ತೆ, ಹುಳಿ ಉಳಿದುಕೊಳ್ಳುತ್ತೆ. ಬಿಸಿಲು ಸೀಮೆಯಲ್ಲಿ ಸಕ್ಕರೆ ಬೇಗ ಏರುತ್ತೆ. ರಾತ್ರಿಯೂ ಸೆಖೆ ಇದ್ದರೆ ಹುಳಿ ಇನ್ನೂ ಬೇಗ ಕರಗಿ ಹೋಗುತ್ತೆ.

ಫ್ರಾನ್ಸಿನ ಬೋರ್ಡೊ, ಬರ್ಗಂಡಿ, ಜರ್ಮನಿಯ ಮೋಸೆಲ್ ತಂಪು ಇಲ್ಲಾ ಮಧ್ಯಮ ಹವೆಯ ಜಾಗಗಳು. ಆಸ್ಟ್ರೇಲಿಯಾದ ಬರೋಸಾ, ಅಮೆರಿಕದ ಕ್ಯಾಲಿಫೋರ್ನಿಯಾದ ಒಳನಾಡಿನಂಥ ಕಡೆ ಬಿಸಿಲು ಜೋರು, ಆಕಾಶ ಸ್ವಚ್ಛ, ಕೊಯ್ಲಿನ ಹೊತ್ತಲ್ಲಿ ಮಳೆ ಕಾಟವೂ ಕಮ್ಮಿ. ಅದಕ್ಕೇ ಹಳೇ ಸೀಮೆ ವೈನ್ ಅಂದ್ರೆ ಹುಳಿ ಮುಂದೆ, ಹಣ್ಣು ಹಿಂದೆ, ಸ್ವಲ್ಪ ಒಗರು, ಮಣ್ಣಿನ ವಾಸನೆ ಅಂತ ಹೇಳೋದು. ಹೊಸ ಸೀಮೆ ವೈನ್ ಅಂದ್ರೆ ಹಣ್ಣಿನ ರುಚಿ ಮುಂದೆ, ಗಟ್ಟಿ, ಮೆತ್ತಗೆ, ಆಲ್ಕೋಹಾಲ್ ಜಾಸ್ತಿ.

ಪ್ರಕೃತಿ ಕೊಡದೇ ಇದ್ದದ್ದನ್ನ ಎರಡೂ ಕಡೆಯವರು ಹೊರಗಿಂದ ಸೇರಿಸಿಕೊಳ್ತಾರೆ. ಫ್ರಾನ್ಸಿನ ತಂಪು ಪ್ರದೇಶಗಳಲ್ಲಿ ಹಣ್ಣು ಸರಿಯಾಗಿ ಮಾಗದ ವರ್ಷ ರಸಕ್ಕೆ ಸಕ್ಕರೆ ಹಾಕೋಕೆ ಕಾನೂನಲ್ಲೇ ಅವಕಾಶ ಇದೆ. ಇದನ್ನ ‘ಶಾಪ್ಟಲೈಸೇಷನ್’ ಅಂತಾರೆ. ನೆಪೋಲಿಯನ್ ಕಾಲದ ಮಂತ್ರಿ, ರಸಾಯನ ಶಾಸ್ತ್ರಜ್ಞ ಶಾಪ್ಟಲ್ ಹೆಸರಿಂದ ಬಂದದ್ದು. ವೈನನ್ನ ಸಿಹಿ ಮಾಡೋಕಲ್ಲ, ಆಲ್ಕೋಹಾಲ್ ಏರಿಸೋಕೆ. ಆಸ್ಟ್ರೇಲಿಯಾದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಸಕ್ಕರೆ ಹಾಕೋ ಹಾಗಿಲ್ಲ, ಅದರ ಅಗತ್ಯವೂ ಬರಲ್ಲ. ಅಲ್ಲಿ ಕಮ್ಮಿ ಬೀಳೋದು ಹುಳಿ. ಅದಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸ್ತಾರೆ. ಇದೂ ದ್ರಾಕ್ಷಿಯಲ್ಲೇ ಇರೋ ಹುಳಿ.

ಪೀಪಾಯಿಯ ಪಾತ್ರ

ಒಳ್ಳೇ ಕೆಂಪು ವೈನನ್ನ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡ್ತಾರೆ. ಬೋರ್ಡೊ ಪೀಪಾಯಿ 225 ಲೀಟರಿನದ್ದು. ಫ್ರಾನ್ಸಿನ ಓಕ್ ಕೊಡೋ ಘಮ ಹಗುರ. ಅಮೆರಿಕದ ಓಕ್ ಆದರೆ ವೆನಿಲಾ, ಕೊಬ್ಬರಿ ವಾಸನೆ ಎದ್ದು ಕಾಣುತ್ತೆ. ಹೊಸ ಪೀಪಾಯಿಯಲ್ಲಿ ಜೋರು, ಹಳೇ ಪೀಪಾಯಿಯಲ್ಲಿ ಕಮ್ಮಿ. ಹೊಸ ಸೀಮೆ ವೈನಲ್ಲಿ ಸಿಹಿ ಅಂತ ಅನ್ನಿಸೋದು ಎಷ್ಟೋ ಸಲ ಸಕ್ಕರೆ ಅಲ್ಲ, ಮಾಗಿದ ಹಣ್ಣು ಮತ್ತು ಓಕ್ ಎರಡೂ ಸೇರಿದ ಘಮ.

ಇಲ್ಲೂ ಪೂರ್ತಿ ಎರಡು ಪಂಗಡ ಮಾಡೋಕಾಗಲ್ಲ. ಸ್ಪೇನಿನ ರಿಯೋಹಾ ಪಕ್ಕಾ ಹಳೇ ಸೀಮೆ. ಆದರೆ ಅಲ್ಲಿ ಹಿಂದಿನಿಂದಲೂ ಅಮೆರಿಕದ ಓಕ್ ಪೀಪಾಯಿಯೇ ಬಳಕೆ.

ಒಂದೇ ಬಳ್ಳಿ, ಎರಡು ಮನೆ

ಹೊಸ ಸೀಮೆಯ ಹೆಸರಾಂತ ತಳಿಗಳೆಲ್ಲ ಬಹುಪಾಲು ಯುರೋಪಿನಿಂದಲೇ ಹೋದವು. ಹೋದ ಕಡೆ ಅವುಗಳ ಗುಣ ಬದಲಾಯಿತು.

ಸಾನ್ಸೇರ್‌ನ ಸೊವಿನ್ಯೋನ್ ಬ್ಲಾಂ ಬಿಳಿ ವೈನ್ ನಿಂಬೆ ಹುಳಿ, ಕಲ್ಲಿನ ಹಾಗಿರೋ ಒಣ ರುಚಿಗೆ ಹೆಸರು. ಅದೇ ತಳಿಯನ್ನ ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ 1970ರ ದಶಕದಲ್ಲಿ ಹಾಕೋಕೆ ಶುರು ಮಾಡಿದರು. ಅಲ್ಲಿ ಅದು ಸೀಬೆಹಣ್ಣು, ಪ್ಯಾಷನ್ ಫ್ರೂಟ್, ಆಗಷ್ಟೇ ಕೊಯ್ದ ಹುಲ್ಲಿನ ಘಮ ಕೊಟ್ಟಿತು. ಗ್ಲಾಸ್ ಮೂಗಿನ ಹತ್ತಿರ ತಂದರೆ ಸಾಕು, ಯಾವ ಊರಿನದ್ದು ಅಂತ ಗೊತ್ತಾಗೋ ಹಾಗೆ. 1980ರ ದಶಕದ ಕೊನೆ ಹೊತ್ತಿಗೆ ಅದು ಜಗತ್ತಿನ ತುಂಬಾ ಹೆಸರು ಮಾಡಿತು.

ಮಾಲ್ಬೆಕ್ ಫ್ರಾನ್ಸಿನ ಕಾಓರ್ ಪ್ರದೇಶದಲ್ಲಿ ಒಗರು, ಒರಟು. ಅರ್ಜೆಂಟೀನಾದ ಎತ್ತರದ ಬಿಸಿಲಲ್ಲಿ ಮೆತ್ತಗಾಗಿ, ಈಗ ಆ ದೇಶದ ಗುರುತೇ ಆಗಿಬಿಟ್ಟಿದೆ. ಇನ್ನು ಕಾರ್ಮೆನೇರ್ ಕಥೆ ಇನ್ನೂ ಸ್ವಾರಸ್ಯ. ಬೋರ್ಡೊದಿಂದ 19ನೇ ಶತಮಾನದಲ್ಲಿ ಚಿಲಿಗೆ ಹೋದ ಈ ತಳಿ, ಫಿಲಾಕ್ಸೆರಾ ಬಂದ ಮೇಲೆ ತವರಲ್ಲಿ ಹೆಚ್ಚುಕಮ್ಮಿ ಕಾಣೆಯಾಯಿತು. ಚಿಲಿಯವರು ಇದನ್ನೇ ಮೆರ್ಲೋ ಅಂದುಕೊಂಡು ಬೆಳೀತಾ ಬಂದರು. ಇದು ಮೆರ್ಲೋ ಅಲ್ಲ, ಕಳೆದುಹೋದ ಕಾರ್ಮೆನೇರ್ ಅಂತ ಫ್ರಾನ್ಸಿನ ತಜ್ಞರೊಬ್ಬರು ಗುರುತಿಸಿದ್ದು 1994ರಲ್ಲಿ.

ಆಸ್ಟ್ರೇಲಿಯಾದ ಅತಿ ಹೆಸರುವಾಸಿ ವೈನ್ ಪೆನ್‌ಫೋಲ್ಡ್ಸ್ ಗ್ರೇಂಜ್. ಮ್ಯಾಕ್ಸ್ ಶುಬರ್ಟ್ ಅನ್ನೋರು ಬೋರ್ಡೊ ನೋಡಿ ಬಂದು, 1951ರಲ್ಲಿ ಪ್ರಯೋಗವಾಗಿ ಇದನ್ನ ಮಾಡಿದರು. ಬೋರ್ಡೊ ತರದ ಕ್ಯಾಬರ್ನೆ ಸಾಕಷ್ಟು ಸಿಗಲಿಲ್ಲ, ಶಿರಾಜ್ ಬಳಸಿದರು. ಪೀಪಾಯಿ ಅಮೆರಿಕದ ಓಕ್. ಹಣ್ಣು ಒಂದೇ ಊರಿನದ್ದಲ್ಲ, ಬೇರೆ ಬೇರೆ ಪ್ರದೇಶದ ಹಣ್ಣು ಸೇರಿಸೋದು ಅದರ ಪದ್ಧತಿ. ಇದನ್ನೇ ಫ್ರಾನ್ಸಿನಲ್ಲಿ ಮಾಡಿದ್ದರೆ ಯಾವ ಊರ ಹೆಸರನ್ನೂ ಹಾಕೋಕಾಗ್ತಿರಲಿಲ್ಲ. ಹೊಸ ಸೀಮೆಯಲ್ಲಿ ಕಂಪನಿ ಹೆಸರೇ ಊರಿನ ಹೆಸರಿನ ಕೆಲಸ ಮಾಡಿತು.

1976ರಲ್ಲಿ ಪ್ಯಾರಿಸ್‌ನಲ್ಲಿ ಆಗಿದ್ದೇನು?

ಬಹಳ ಕಾಲ ‘ಒಳ್ಳೇ ವೈನ್ ಅಂದ್ರೆ ಫ್ರಾನ್ಸ್’ ಅನ್ನೋದೇ ಮಾತಾಗಿತ್ತು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅನ್ನೋ ಇಂಗ್ಲಿಷ್ ವೈನ್ ವ್ಯಾಪಾರಿ ಒಂದು ಪರೀಕ್ಷೆ ಇಟ್ಟರು. ಕ್ಯಾಲಿಫೋರ್ನಿಯಾದ ವೈನ್, ಫ್ರಾನ್ಸಿನ ದೊಡ್ಡ ದೊಡ್ಡ ವೈನ್ ಎಲ್ಲವನ್ನೂ ಲೇಬಲ್ ಕಾಣದ ಹಾಗೆ ಕೊಟ್ಟರು. ಫಲಿತಾಂಶಕ್ಕೆ ಲೆಕ್ಕ ಹಿಡಿದ ಅಂಕ ಕೊಟ್ಟವರು ಒಂಬತ್ತು ಮಂದಿ, ಎಲ್ಲರೂ ಫ್ರಾನ್ಸಿನವರೇ. ಬಿಳಿ ವೈನಲ್ಲಿ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಶಾಟೋ ಮಾಂಟೆಲೀನಾ ಶಾರ್ಡನೇಗೆ ಬಂತು. ಕೆಂಪಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಕ್ಯಾಬರ್ನೆಗೆ. ಎರಡೂ 1973ರ ಕೊಯ್ಲಿನವು. ಬೋರ್ಡೊದ ಮೂತೋ ರೋಥ್‌ಶೀಲ್ಡ್, ಓ-ಬ್ರಿಯೋಂ ಅಂಥ ಹೆಸರುಗಳು ಹಿಂದೆ ಬಿದ್ದವು.

ಹಾಗಂತ ಫ್ರಾನ್ಸ್ ವ್ಯಾಪಾರ ಮುಳುಗಲಿಲ್ಲ. ಆದರೆ ಹೊಸ ಜಾಗದಲ್ಲೂ ಒಳ್ಳೇ ವೈನ್ ಆಗುತ್ತೆ ಅಂತ ಸಾಬೀತಾಯಿತು. ಅದುವರೆಗೂ ಅಮೆರಿಕ, ಆಸ್ಟ್ರೇಲಿಯಾದವರು ತಮ್ಮ ಎಷ್ಟೋ ವೈನುಗಳಿಗೆ ‘ಬರ್ಗಂಡಿ’, ‘ಶಾಂಪೇನ್’ ಅಂತ ಯುರೋಪಿನ ಊರ ಹೆಸರನ್ನೇ ಹಾಕಿ ಮಾರ್ತಿದ್ದರು. 1994ರಲ್ಲಿ ಆಸ್ಟ್ರೇಲಿಯಾ ಯುರೋಪಿನ ಜೊತೆ ಒಪ್ಪಂದ ಮಾಡಿಕೊಂಡು ಇಂಥ ಹೆಸರುಗಳನ್ನ ಹಂತ ಹಂತವಾಗಿ ಬಿಡೋಕೆ ಒಪ್ಪಿತು.

ಈಗ ಗೆರೆ ಅಳಿಸ್ತಾ ಇದೆ

ಹಳೇ ಸೀಮೆಯವರೂ ಈಗ ಹಳೇ ಥರಾನೇ ಇಲ್ಲ. ಇಟಲಿಯ ಟಸ್ಕನಿಯಲ್ಲಿ ಸ್ಥಳೀಯ ನಿಯಮ ಬದಿಗಿಟ್ಟು ಬೋರ್ಡೊ ತಳಿಯಿಂದ ಮಾಡಿದ ‘ಸಾಸಿಕಾಯಾ’ 1968ರ ಕೊಯ್ಲಿನಿಂದ ಮಾರುಕಟ್ಟೆಗೆ ಬಂತು. ಕಾನೂನಿನ ಲೆಕ್ಕದಲ್ಲಿ ಅದು ಬರೀ ‘ಟೇಬಲ್ ವೈನ್’, ಬೆಲೆ ಮಾತ್ರ ಆಕಾಶದಲ್ಲಿ. ಆಮೇಲೆ ಕಾನೂನೇ ಅದಕ್ಕೆ ಜಾಗ ಮಾಡಿಕೊಟ್ಟಿತು.

ಇನ್ನೊಂದು ಕಡೆ ಬಿಸಿಲು ಏರ್ತಾ ಇದೆ. ಬೋರ್ಡೊದಲ್ಲಿ ಈಗ ಕೊಯ್ಲು ಹಿಂದಿಗಿಂತ ಬೇಗ, ಶೇ. 14 ದಾಟಿದ ಬಾಟಲಿಗಳು ಅಪರೂಪವೇನಲ್ಲ. ಸೆಖೆ ತಡೆಯೋ ಆರು ಹೊಸ ತಳಿಗಳನ್ನ ಸ್ವಲ್ಪ ಪ್ರಮಾಣದಲ್ಲಿ ಹಾಕೋಕೆ 2021ರಲ್ಲಿ ಅಲ್ಲಿ ಅನುಮತಿ ಕೊಟ್ಟರು. ಅದರಲ್ಲಿ ಪೋರ್ಟ್ ವೈನಿನ ತಳಿ ಟೂರಿಗಾ ನಾಸಿಯೊನಾಲ್ ಕೂಡ ಇದೆ. ಹೊಸ ಸೀಮೆಯವರು ಇದಕ್ಕೆ ತದ್ವಿರುದ್ಧವಾಗಿ ಬೆಟ್ಟ, ಸಮುದ್ರ ತೀರದಂಥ ತಂಪು ಜಾಗ ಹುಡುಕಿಕೊಂಡು ಹೊರಟಿದ್ದಾರೆ. ಹಾಗಾಗಿ ‘ಹಳೇದು ಹುಳಿ, ಹೊಸದು ಹಣ್ಣು’ ಅನ್ನೋದು ಅಂದಾಜಿನ ಮಾತು ಅಷ್ಟೇ.

ನಂದಿ ತಪ್ಪಲು ಎಲ್ಲಿ ನಿಲ್ಲುತ್ತೆ?

ವೈನ್ ದ್ರಾಕ್ಷಿ ಬೆಳೆಯೋ ಹೆಸರಾಂತ ಪ್ರದೇಶಗಳು ಬಹುಪಾಲು ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ನಂದಿ ಬೆಟ್ಟ ಇರೋದು 13 ಡಿಗ್ರಿ ಚಿಲ್ಲರೆಯಲ್ಲಿ. ಪುಸ್ತಕದ ಪ್ರಕಾರ ಇಲ್ಲಿ ಒಳ್ಳೇ ವೈನ್ ಆಗಬಾರದು. ನಮ್ಮನ್ನ ಕಾಪಾಡೋದು ಎತ್ತರ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋದರಿಂದ ರಾತ್ರಿ ತಂಪು, ಹಣ್ಣಲ್ಲಿ ಹುಳಿ ಸ್ವಲ್ಪ ನಿಲ್ಲುತ್ತೆ.

ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತೆ. ನಮ್ಮಲ್ಲಿ ಮಲಗೋದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಪ್ರೂನಿಂಗ್. ಏಪ್ರಿಲ್ ಸುಮಾರಿಗೆ ಕಡ್ಡಿ ಬೆಳೆಸೋಕೆ ಒಂದು, ಮಳೆಗಾಲ ಮುಗಿಯೋ ಹೊತ್ತಿಗೆ ಹಣ್ಣಿಗೆ ಇನ್ನೊಂದು. ಕೊಯ್ಲು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಫ್ರಾನ್ಸಿನವರು ಕೊಯ್ಯೋದು ಸೆಪ್ಟೆಂಬರ್ ಸುಮಾರಿಗೆ.

1988ರಲ್ಲಿ ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಕಡೆ ನಂದಿ ತಪ್ಪಲಲ್ಲಿ ಫ್ರಾನ್ಸಿನ ತಳಿಗಳ ತೋಟ ಶುರು ಮಾಡಿತು. 1990ರ ದಶಕದಲ್ಲಿ ಬೋರ್ಡೊದ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾಂ ಇದಕ್ಕೆ ಕೈಜೋಡಿಸಿದರು. ಅವರ ‘ಲಾ ರಿಸರ್ವ್’ ಕೆಂಪು ವೈನ್ ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿ ಮಾಡಿದ್ದು. ಇದು ಆಸ್ಟ್ರೇಲಿಯಾದವರ ಜೋಡಿ. ಬೋರ್ಡೊ ನಿಯಮದಲ್ಲಿ ಶಿರಾಜ್‌ಗೆ ಜಾಗ ಇಲ್ಲ. ಸಲಹೆ ಬೋರ್ಡೊದ್ದು, ಸ್ವಾತಂತ್ರ್ಯ ಹೊಸ ಸೀಮೆಯದ್ದು. ನಂದಿ ವೈನಿನ ಸ್ವಭಾವ ಅರ್ಥ ಆಗೋಕೆ ಈ ಒಂದು ಬಾಟಲಿ ಸಾಕು.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಆಮೇಲೆ ವೈನ್ ಬೋರ್ಡ್ ಬಂತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅನ್ನೋ ಹೆಸರುಗಳು ಚಾಲ್ತಿಗೆ ಬಂದವು.

ಬೆಂಗಳೂರು ಬ್ಲೂ ಕಥೆ ಬೇರೆ

ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಬೆಳೆಯೋದು ಬೆಂಗಳೂರು ಬ್ಲೂ. ಅದಕ್ಕೆ 2013ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇದು ಯುರೋಪಿನ ದ್ರಾಕ್ಷಿ ಅಲ್ಲ, ಅಮೆರಿಕ ಮೂಲದ ಲಬ್ರಸ್ಕಾ ವಂಶದ್ದು. ಗಟ್ಟಿ ಘಮ, ದಪ್ಪ ಸಿಪ್ಪೆ, ರೋಗ ತಡೆಯೋ ಶಕ್ತಿ. ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಹೇಳಿ ಮಾಡಿಸಿದ್ದು. ಆದರೆ ಇದೇ ವಂಶದ ಇಸಾಬೆಲ್ಲಾ ದ್ರಾಕ್ಷಿಯನ್ನ ಫ್ರಾನ್ಸ್ 1930ರ ದಶಕದಲ್ಲೇ ವೈನಿಗೆ ನಿಷೇಧಿಸಿತ್ತು. ಆ ಜೋರು ವಾಸನೆ ಅಲ್ಲಿಯವರಿಗೆ ಹಿಡಿಸಲ್ಲ.

ಇಲ್ಲಿ ‘ಪೋರ್ಟ್’ ಅಂತ ಮಾರಾಟವಾಗೋ ಅಗ್ಗದ ಸಿಹಿ ವೈನಿಗೂ ದೌರು ಕಣಿವೆಯ ಪೋರ್ಟ್‌ಗೂ ಹೆಸರಿನ ಸಂಬಂಧ ಅಷ್ಟೇ. ನಿಜವಾದ ಪೋರ್ಟ್‌ನಲ್ಲಿ ರಸ ಅರ್ಧ ಹುದುಗಿದಾಗ ದ್ರಾಕ್ಷಿ ಸ್ಪಿರಿಟ್ ಹಾಕಿ ನಿಲ್ಲಿಸ್ತಾರೆ. ಹಣ್ಣಿನ ಸಕ್ಕರೆ ಉಳಿಯುತ್ತೆ, ಆಲ್ಕೋಹಾಲ್ ಶೇ. 20ರ ಹತ್ತಿರ ಇರುತ್ತೆ.

ಬೆಳೆಗಾರರ ಮುಂದಿರೋ ಪ್ರಶ್ನೆ ಇಲ್ಲಿದೆ. ಬೆಂಗಳೂರು ಬ್ಲೂ, ದಿಲ್‌ಕುಶ್ ಆದರೆ ಮಾರುಕಟ್ಟೆಗೆ ಹಾಕಬಹುದು, ಜ್ಯೂಸ್ ಕಂಪನಿಗೆ ಕೊಡಬಹುದು. ಕ್ಯಾಬರ್ನೆ, ಶಿರಾಜ್ ಹಣ್ಣು ಸಣ್ಣದು, ಬೀಜ ಜಾಸ್ತಿ, ಸಿಪ್ಪೆ ದಪ್ಪ. ತಿನ್ನೋಕೆ ಯಾರೂ ಕೊಳ್ಳಲ್ಲ. ವೈನರಿ ಜೊತೆ ಬರವಣಿಗೆಯಲ್ಲಿ ಒಪ್ಪಂದ ಇಲ್ಲದೇ ಹಾಕಿದರೆ ರೈತ ಒಬ್ಬನೇ ಖರೀದಿದಾರನ ಕೈಗೆ ಸಿಕ್ಕಿಬೀಳ್ತಾನೆ. ಮಹಾರಾಷ್ಟ್ರದಲ್ಲಿ 2008-09ರ ಮಂದಗತಿಯ ನಂತರ ವೈನರಿಗಳಲ್ಲಿ ದಾಸ್ತಾನು ಉಳಿದು, ಅನೇಕ ಬೆಳೆಗಾರರು ವೈನ್ ದ್ರಾಕ್ಷಿ ಬಳ್ಳಿ ಕಿತ್ತು ಹಾಕಿದ್ದರು.

ಹಳೇ ಸೀಮೆಯ ಪಾಠ ಬೆಳೆಗಾರರಿಗೆ ಬೇಕಾಗೋದು ಈ ಜಾಗದಲ್ಲೇ. ಶಾತೋನಫ್‌ನ ರೈತ ಇಳುವರಿ ಕಮ್ಮಿ ಮಾಡಿಕೊಂಡ, ಕಟ್ಟುಪಾಡು ಒಪ್ಪಿಕೊಂಡ. ಬದಲಿಗೆ ಊರಿನ ಹೆಸರು ಅವನ ಜಮೀನಿಗೆ ಅಂಟಿಕೊಂಡಿತು. ಆ ಹೆಸರಿನ ವೈನ್ ಬೇಕು ಅಂದ್ರೆ ಅಲ್ಲಿನ ಹಣ್ಣನ್ನೇ ಕೊಳ್ಳಬೇಕು. ಹೊಸ ಸೀಮೆಯಲ್ಲಿ ಹೆಸರು ಕಂಪನಿಯದ್ದು. ಕಂಪನಿಗೆ ಈ ವರ್ಷ ನಂದಿ ಹಣ್ಣು, ಮುಂದಿನ ವರ್ಷ ಬೇರೆ ಕಡೆಯ ಹಣ್ಣು ಆದರೂ ನಡೆಯುತ್ತೆ. ‘ನಾಸಿಕ್ ವ್ಯಾಲಿ ವೈನ್’ಗೆ ಜಿಐ ಇದೆ. ನಮ್ಮಲ್ಲಿ ಬೆಂಗಳೂರು ಬ್ಲೂಗೆ ಸಿಕ್ಕ ಜಿಐ ಹಣ್ಣಿಗೆ ಸಂಬಂಧಪಟ್ಟದ್ದು.

ಪೈಪೋಟಿಯೂ ಹತ್ತಿರ ಬರ್ತಾ ಇದೆ. ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. 5 ಡಾಲರ್‌ಗಿಂತ ಹೆಚ್ಚು ಆಮದು ಬೆಲೆಯ ಬಾಟಲಿ ಮೇಲೆ ಶೇ. 150 ಇದ್ದ ಸುಂಕ ಕೂಡಲೇ ಶೇ. 100ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ ಶೇ. 50ಕ್ಕೆ ಬರಬೇಕು. 15 ಡಾಲರ್ ಮೇಲ್ಪಟ್ಟದ್ದಕ್ಕೆ ಮೊದಲು ಶೇ. 75, ಆಮೇಲೆ ಶೇ. 25. ಅಂದ್ರೆ ಬರೋಸಾದ ಶಿರಾಜ್ ಮತ್ತು ನಂದಿ ತಪ್ಪಲಿನ ಶಿರಾಜ್ ನಡುವಿನ ಬೆಲೆ ಅಂತರ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗೋ ಹಾದಿಯಲ್ಲಿದೆ.

ಅಂಗಡಿಯವರು, ಗಿರಾಕಿಗಳು ಗಮನಿಸಿ

• ಲೇಬಲ್ ಮೇಲಿನ ಶೇಕಡಾ ನೋಡಿ. ಒಣ ವೈನಲ್ಲಿ 12–13 ಇದ್ದರೆ ಹಗುರ, ಹುಳಿ ಕಡೆಗೆ ಇರಬಹುದು. 14ರ ಮೇಲಿದ್ದರೆ ಮಾಗಿದ ಹಣ್ಣಿನ, ಗಟ್ಟಿ ವೈನ್ ಇರೋ ಸಾಧ್ಯತೆ ಜಾಸ್ತಿ.

• ತಿರುಗಿಸೋ ಮುಚ್ಚಳ ಇದ್ದರೆ ಕಳಪೆ ಅಂತಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಒಳ್ಳೊಳ್ಳೇ ವೈನೂ ಅದರಲ್ಲೇ ಬರುತ್ತೆ.

• ‘ರಿಸರ್ವ್’ ಪದಕ್ಕೆ ಎಲ್ಲಾ ಕಡೆ ಒಂದೇ ಅರ್ಥ ಇಲ್ಲ. ಸ್ಪೇನಿನ ರಿಯೋಹಾದಲ್ಲಿ ಕೆಂಪು ‘ರಿಸರ್ವಾ’ ಅಂದ್ರೆ ಕನಿಷ್ಠ 3 ವರ್ಷ, ‘ಗ್ರಾನ್ ರಿಸರ್ವಾ’ ಅಂದ್ರೆ 5 ವರ್ಷ ಇಟ್ಟಿರಲೇಬೇಕು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸೋ ಅಂಥ ಕಾನೂನಿಲ್ಲ.

• ‘ಹಳೇದಾದಷ್ಟೂ ಒಳ್ಳೇದು’ ಅನ್ನೋದು ಕೆಲವೇ ವೈನುಗಳಿಗೆ. ಬಹುತೇಕ ಬಾಟಲಿಗಳು ಒಂದೆರಡು ವರ್ಷದಲ್ಲಿ ಖಾಲಿ ಆಗಬೇಕಾದವು.

• ಬಿಸಿಲು ಬೀಳೋ ಶೋಕೇಸಲ್ಲಿ ಇಡಬೇಡಿ. ಬಿರಡೆ ಇರೋ ಬಾಟಲಿಯನ್ನ ತುಂಬಾ ದಿನ ಇಡೋದಾದ್ರೆ ಮಲಗಿಸಿ ಇಡಿ, ಬಿರಡೆ ಒಣಗಲ್ಲ. ತೆರೆದ ಬಾಟಲಿ ಫ್ರಿಜ್‌ನಲ್ಲಿ ಕೆಲವು ದಿನ ಮಾತ್ರ.

• ನಂದಿ ಹಣ್ಣಿನದ್ದೇ ಬೇಕು ಅಂತ ಗಿರಾಕಿ ಕೇಳಿದರೆ ಲೇಬಲ್‌ನಲ್ಲಿ ಹಣ್ಣು ಎಲ್ಲಿಯದು ಅಂತ ಬರೆದಿದೆಯಾ ನೋಡಿ. ಬಾಟಲಿ ತುಂಬಿದ ವಿಳಾಸ ಮತ್ತು ಹಣ್ಣು ಬೆಳೆದ ಜಾಗ ಎರಡೂ ಒಂದೇ ಆಗಿರಬೇಕಿಲ್ಲ.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಈ ಲೇಖನ ಮಾಹಿತಿಗಾಗಿ ಮಾತ್ರ.)